ನಾಲ್ಕಕ್ಷರದ ಸಾಲಾವಳಿ

ಭಾವಿ ಅಳಿಯ ಕ್ಯಾಥರಿನ್ ಬ್ರಿಗ್ಸ್‌ಗೆ ಒಗಟಾಗಿದ್ದ. ಮೊದಲ ಮಹಾಯುದ್ಧದ ಕಾಲ, ಅಮೆರಿಕದ ವಾಷಿಂಗ್ಟನ್. ತಾವೂ ಮಗಳು ಇಸಬೆಲ್ಲೂ ಕಲ್ಪನೆಯ ಬೆನ್ನು ಹತ್ತುವವರು. ಕಾನೂನು ಓದುತ್ತಿದ್ದ ಕ್ಲಾರೆನ್ಸ್ ಮೈಯರ್ಸ್ ಕಣ್ಣಿಗೆ ಕಂಡಷ್ಟನ್ನೇ ಲೆಕ್ಕಕ್ಕೆ ಹಿಡಿಯುವವ. ಬೇರೆ ಅತ್ತೆಯಾಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದರೇನೋ. ಈಕೆ ಮನುಷ್ಯರಲ್ಲಿ ಎಷ್ಟು ಬಗೆ ಎಂದು ಓದಲು ಕೂತರು. 1923ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್‌ನ ‘ಸೈಕಲಾಜಿಕಲ್ ಟೈಪ್ಸ್’ ಇಂಗ್ಲಿಷಿಗೆ ಬಂದಾಗ, ತಾವು ಹುಡುಕುತ್ತಿದ್ದುದು ಇದನ್ನೇ ಎಂದು ಅವರಿಗೆ ಅನ್ನಿಸಿತು.

ಅದನ್ನು ಪ್ರಶ್ನೆಪತ್ರಿಕೆಯಾಗಿಸಿದ್ದು ಇಸಬೆಲ್. ಮನಶ್ಶಾಸ್ತ್ರದ ಪದವಿ ಇರಲಿಲ್ಲ. ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದ ಗೃಹಿಣಿ. ಎರಡನೇ ಮಹಾಯುದ್ಧದಲ್ಲಿ ಹೊಸದಾಗಿ ಕಾರ್ಖಾನೆಗೆ ಕಾಲಿಟ್ಟವರಿಗೆ ಸ್ವಭಾವಕ್ಕೆ ಒಗ್ಗುವ ಕೆಲಸ ಸಿಗಲಿ ಎಂಬುದು ಅವರ ಆಸೆ. ಪ್ರತಿ ಪ್ರಶ್ನೆಗೂ ಎರಡು ಉತ್ತರ, ಒಂದನ್ನು ಆರಿಸಲೇಬೇಕು, ನಡುದಾರಿ ಇಲ್ಲ. ಕೊನೆಗೆ ಕೈಗೆ ಬರುವುದು ಸ್ವಭಾವದ ನಾಲ್ಕು ಮುಖಗಳಿಗೆ ಒಂದೊಂದರಂತೆ ನಾಲ್ಕಕ್ಷರ; ಒಟ್ಟು 16 ಬಗೆ. ಇಸಬೆಲ್ ಐಎನ್‌ಎಫ್‌ಪಿ, ಗಂಡ ಐಎಸ್‌ಟಿಜೆ. ನಾಲ್ಕರಲ್ಲಿ ಮೂರು ಬೇರೆ. ಸಂಸಾರವೇನೋ ಆರು ದಶಕ ನಡೆಯಿತು.

1962ರಲ್ಲಿ ಈ ‘ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್’ (ಎಂಬಿಟಿಐ) ಅನ್ನು ಪ್ರಕಟಿಸಿದ್ದು, ಅಮೆರಿಕಕ್ಕೆ ಓದಲು ಹೋಗುವ ನಮ್ಮ ಮಕ್ಕಳು ಬರೆಯುವ ಟೋಫೆಲ್, ಜಿಆರ್‌ಇ ಪರೀಕ್ಷೆಗಳ ಸಂಸ್ಥೆ ಇಟಿಎಸ್. ಕೆಲವೇ ವಾರ ಬಿಟ್ಟು ಮತ್ತೆ ಬರೆದರೆ ಅನೇಕರ ಅಕ್ಷರ ಬದಲಾಗುತ್ತದೆ ಎಂಬ ಆಕ್ಷೇಪ ಹಳೆಯದು. ಕಂಪನಿಗಳ ತರಬೇತಿ ಕೋಣೆಗಳು ಅದಕ್ಕೆ ಕಿವಿಗೊಡಲಿಲ್ಲ.

ಜೋಡಿ ಹುಡುಕುವ ಯಂತ್ರ ಬಂದದ್ದು ಬೇರೆ ದಾರಿಯಿಂದ. 1965ರಲ್ಲಿ ಹಾರ್ವರ್ಡ್‌ನ ಜೆಫ್ ಟಾರ್, ವಾನ್ ಮಾರಿಲ್ ಎಂಬ ಹುಡುಗರು ‘ಆಪರೇಷನ್ ಮ್ಯಾಚ್’ ಶುರುಮಾಡಿದರು. ಫಾರಂ ತುಂಬಿ 3 ಡಾಲರ್ ಸೇರಿಸಿ ಅಂಚೆಗೆ ಹಾಕಬೇಕು. ನಾನು ಹೇಗಿದ್ದೇನೆ, ನನಗೆ ಎಂಥವರು ಬೇಕು ಎಂದು ಎರಡು ಸಲ ಉತ್ತರಿಸಬೇಕು. ಬಾಡಿಗೆಯ ಐಬಿಎಂ ಕಂಪ್ಯೂಟರು ಹೆಸರುಗಳ ಪಟ್ಟಿ ಕೊಡುತ್ತಿತ್ತು. ನಮ್ಮ ಪುರೋಹಿತರು ಪಂಚಾಂಗ ಬಿಡಿಸಿ 36 ಗುಣ ಎಣಿಸುವುದಕ್ಕೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಹುಡುಗ ಹುಡುಗಿಯರನ್ನೇ ಕೇಳುತ್ತಿದ್ದರು.

2000ದಲ್ಲಿ ನೀಲ್ ಕ್ಲಾರ್ಕ್ ವಾರನ್ ಎಂಬ ಮನಶ್ಶಾಸ್ತ್ರಜ್ಞನ ‘ಇಹಾರ್ಮನಿ’ ಅಂಥದೇ ಫಾರಂ ಅನ್ನು ಅಂತರ್ಜಾಲಕ್ಕೆ ತಂದು ನೂರಾರು ಪ್ರಶ್ನೆಗಳಿಗೆ ಹಿಗ್ಗಿಸಿತು. ಅಷ್ಟು ತಾಳ್ಮೆ ಯಾರಿಗಿದೆ? ಈಗಿನ ‘ಬೂ’, ‘ಸೋ ಸಿಂಕ್ಡ್’ ಆ್ಯಪ್‌ಗಳಿಗೆ ಇಸಬೆಲ್‌ರ ನಾಲ್ಕಕ್ಷರವೇ ಸಾಕು. ಸ್ನೇಹಿತರನ್ನೂ ಸಂಗಾತಿಯನ್ನೂ ಅದರ ಮೇಲೇ ಸೂಚಿಸುತ್ತವೆ. ದಕ್ಷಿಣ ಕೊರಿಯಾದ ಯುವಜನ ಮೊದಲ ಭೇಟಿಯಲ್ಲೇ ಪರಸ್ಪರ ಎಂಬಿಟಿಐ ಕೇಳುತ್ತಾರೆ.

ಇಂಥ ತಾಣಗಳು ಕೊಡುವ ಹೊಂದಾಣಿಕೆಯ ಅಂಕಿಗಳ ಬಗ್ಗೆ ನನ್ನ ಗುಮಾನಿ ಗಟ್ಟಿಯಾದದ್ದು 2014ರಲ್ಲಿ, ‘ಓಕೆಕ್ಯುಪಿಡ್’ ತನ್ನ ಬಳಕೆದಾರರ ಮೇಲೆಯೇ ಪ್ರಯೋಗ ಮಾಡಿದ್ದನ್ನು ಒಪ್ಪಿಕೊಂಡಾಗ. ಗಣಿತ ಓದಿದ ಹಾರ್ವರ್ಡ್ ಹುಡುಗರು ಕಟ್ಟಿದ, ಜೋಡಿ ಹುಡುಕುವ ತಾಣವದು. ಲೆಕ್ಕದ ಪ್ರಕಾರ ಶೇ 30 ಮಾತ್ರ ಹೊಂದುವ ಜೋಡಿಗಳಿಗೆ ನೀವು ಶೇ 90 ಹೊಂದುತ್ತೀರಿ ಎಂದು ತೋರಿಸಿದರು. ಸತ್ಯ ಹೇಳಿದ್ದಾಗ ಮೊದಲ ಮೆಸೇಜು ಮಾತುಕತೆಯಾಗಿ ಬೆಳೆಯುತ್ತಿದ್ದುದು ಶೇ 10ರಷ್ಟು ಸಲ. ಸುಳ್ಳು ಹೇಳಿದಾಗ ಅದು ಶೇ 17ಕ್ಕೆ ಏರಿತು. ನಿಜವಾಗಿಯೂ ಶೇ 90 ಹೊಂದುವವರಿಗೆ ನಿಜವನ್ನೇ ಹೇಳಿದರೂ ಸಿಕ್ಕಿದ್ದು ಶೇ 20.