ಎದುರಾಳಿಯ ಕಿವಿಗೆ ಬಿದ್ದ ಭಾಷಣ

ಶಾಂತಿಯ ಭಾಷಣಗಳಿಗೆ ಬರವಿಲ್ಲ. ಹೆಚ್ಚಿನವು ಚಪ್ಪಾಳೆಗೇ ಮುಗಿದುಹೋಗುತ್ತವೆ. ಒಪ್ಪಂದದ ಮೇಜಿನವರೆಗೆ ನಡೆದುಹೋದವು ಬೆರಳೆಣಿಕೆಯವು. ಅಂಥದ್ದೊಂದು, 1963ರ ಜೂನ್ 10ರಂದು ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅಧ್ಯಕ್ಷ ಜಾನ್ ಕೆನಡಿ ಮಾಡಿದ್ದು.

ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ತಣ್ಣಗಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಣು ಪರೀಕ್ಷೆ ನಿಲ್ಲಿಸುವ ಮಾತುಕತೆ ತಪಾಸಣೆಯ ಲೆಕ್ಕದಲ್ಲಿ ಸಿಕ್ಕಿಕೊಂಡಿತ್ತು: ವರ್ಷಕ್ಕೆ ಏಳು ಸಲ ನೆಲಕ್ಕಿಳಿದು ನೋಡಲು ಬಿಡಿ ಎಂದು ಅಮೆರಿಕ, ಮೂರಕ್ಕಿಂತ ಹೆಚ್ಚು ಬಿಡೆವು ಎಂದು ಸೋವಿಯತ್ ಒಕ್ಕೂಟ.

ಭಾಷಣದ ಕರಡು ಕೆನಡಿಯ ಭಾಷಣ ಬರಹಗಾರ ಟೆಡ್ ಸೊರೆನ್ಸನ್ ಅವರದು. ಅದನ್ನು ಶ್ವೇತಭವನದ ನಾಲ್ಕಾರು ಜನರೊಳಗೇ ಇಟ್ಟುಕೊಂಡು, ರಕ್ಷಣಾ ಮತ್ತು ವಿದೇಶಾಂಗ ಇಲಾಖೆಗಳಿಗೆ ಕೊನೆ ಗಳಿಗೆಯಲ್ಲಿ ತೋರಿಸಿದರು. ಜಾಣತನವೇ ಸರಿ. ಹತ್ತು ಕಚೇರಿ ದಾಟಿ ಬಂದಿದ್ದರೆ ಎಂದಿನ ಬೆದರಿಕೆಯ ಸಾಲುಗಳೆಲ್ಲ ಮತ್ತೆ ಒಳಸೇರುತ್ತಿದ್ದವು.

ಕೆನಡಿ ಕಮ್ಯುನಿಸಂ ಅನ್ನು ಟೀಕಿಸದೆ ಬಿಡಲಿಲ್ಲ. ಆದರೆ ಧೋರಣೆ ಬದಲಿಸಿಕೊಳ್ಳಿ ಎಂದು ಮೊದಲು ಕೇಳಿದ್ದು ತಮ್ಮ ಜನರನ್ನೇ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಜನರಷ್ಟು ನೋವುಂಡವರಿಲ್ಲ, ಕನಿಷ್ಠ ಎರಡು ಕೋಟಿ ಜನ ಸತ್ತರು ಎಂದು ನೆನಪಿಸಿದರು. ಶತ್ರು ದೇಶದ ಅಧ್ಯಕ್ಷನ ಬಾಯಲ್ಲಿ ತಮ್ಮ ಮನೆಮನೆಯ ಸಾವಿನ ಮಾತು ಬರುತ್ತದೆಂದು ಸೋವಿಯತ್ ಒಕ್ಕೂಟದಲ್ಲಿ ಯಾರೂ ಎಣಿಸಿರಲಾರರು. ಮಾಸ್ಕೋದ ಪತ್ರಿಕೆಗಳು ಭಾಷಣವನ್ನು ಅಚ್ಚುಹಾಕಿದವು. ವಾಯ್ಸ್ ಆಫ್ ಅಮೆರಿಕ ರೇಡಿಯೊ ಪ್ರಸಾರಕ್ಕೆ ಸೋವಿಯತ್ ಒಕ್ಕೂಟ ಒಡ್ಡುತ್ತಿದ್ದ ಎಂದಿನ ಅಡ್ಡಿಯೂ ಬಹುಪಾಲು ಇರಲಿಲ್ಲ. ರೂಸ್ವೆಲ್ಟ್ ನಂತರದ ಅಮೆರಿಕದ ಅಧ್ಯಕ್ಷರ ಭಾಷಣಗಳಲ್ಲಿ ಇದೇ ಅತ್ಯುತ್ತಮ ಎಂದು ಸೋವಿಯತ್ ನಾಯಕ ಕ್ರುಶ್ಚೇವ್, ಅಮೆರಿಕದ ಪರವಾಗಿ ಮಾತುಕತೆಗೆ ಬಂದ ಹ್ಯಾರಿಮನ್‌ಗೆ ಹೇಳಿದರು.

ಬರೀ ಸಹಾನುಭೂತಿಯಾಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅದೇ ವೇದಿಕೆಯಲ್ಲಿ ಕೆನಡಿ, ಬೇರೆಯವರು ಶುರುಮಾಡದ ಹೊರತು ವಾತಾವರಣದಲ್ಲಿ ನಾವು ಅಣು ಪರೀಕ್ಷೆ ನಡೆಸುವುದಿಲ್ಲ ಎಂದೂ ಘೋಷಿಸಿದರು. ನನ್ನ ಮಟ್ಟಿಗೆ ಇಡೀ ಭಾಷಣದ ಜೀವ ಈ ವಾಕ್ಯ. ಗಾಳಿಯಲ್ಲಿ ಸಿಡಿದ ಬಾಂಬಿನ ವಿಕಿರಣ ಗಡಿ ದಾಟಿ ತೇಲುತ್ತದೆ, ದೂರದಿಂದಲೇ ಪತ್ತೆಯಾಗುತ್ತದೆ. ಕೊಟ್ಟ ಮಾತು ಉಳಿಯಿತೋ ಮುರಿಯಿತೋ ಎಂದು ತಿಳಿಯಲು ಯಾರ ನೆಲಕ್ಕೂ ಇಳಿಯಬೇಕಿಲ್ಲ. ಏಳೋ ಮೂರೋ ಎಂಬ ಜಗಳ ಇದ್ದದ್ದು ಭೂಗತ ಪರೀಕ್ಷೆಗಳ ವಿಷಯದಲ್ಲಿ. ಜುಲೈ 2ರಂದು ಪೂರ್ವ ಬರ್ಲಿನ್‌ನಲ್ಲಿ ಕ್ರುಶ್ಚೇವ್ ಕೂಡ ಭಾಷಣದಲ್ಲೇ ಉತ್ತರ ಕೊಟ್ಟರು: ಭೂಗತವನ್ನು ಬಿಟ್ಟು ಉಳಿದದ್ದಕ್ಕೆ ನಾವು ಸಿದ್ಧ. ಜುಲೈ 15ಕ್ಕೆ ಶುರುವಾದ ಮಾತುಕತೆ ಹತ್ತೇ ದಿನದಲ್ಲಿ ಮುಗಿಯಿತು. ಆಗಸ್ಟ್ 5ರಂದು ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮಾಸ್ಕೋದಲ್ಲಿ ಭೂಗತವನ್ನು ಬಿಟ್ಟು ಉಳಿದ ಪರೀಕ್ಷೆಗಳನ್ನು ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದವು.

ವಿಚಾರ ಕೆನಡಿಯದೇ ಎಂದೇನೂ ಅಲ್ಲ. ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಸ್ಫೋಟದ ಬೆನ್ನಿಗೇ, 1954ರ ಏಪ್ರಿಲ್‌ನಲ್ಲಿ ನೆಹರೂ ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಲೋಕಸಭೆಯಲ್ಲಿ ಕೇಳಿದ್ದರು. ಒಂಬತ್ತು ವರ್ಷ ಅದು ಸರಿಯಾದ ಮಾತಾಗಿಯಷ್ಟೇ ಉಳಿಯಿತು. ಬಾಂಬ್ ಇದ್ದವರ ಬಾಯಿಂದ ಬಂದಾಗ ಒಪ್ಪಂದವಾಯಿತು. ಭಾರತ ಆಗಸ್ಟ್ 8ರಂದೇ ಸಹಿ ಹಾಕಿತು.

ಒಪ್ಪಂದ ಬಿಟ್ಟ ಜಾಗದಲ್ಲಿ ಪೈಪೋಟಿ ಮುಂದುವರಿಯಿತು: ಪರೀಕ್ಷೆಗಳು ನೆಲದಡಿಗೆ ಇಳಿದವು. ಫ್ರಾನ್ಸ್, ಚೀನಾ ಸಹಿಯನ್ನೇ ಹಾಕಲಿಲ್ಲ. ಎಲ್ಲ ಬಗೆಯ ಪರೀಕ್ಷೆಯನ್ನೂ ತಡೆಯುವ ಒಪ್ಪಂದ 1996ರಲ್ಲಿ ಸಿದ್ಧವಾದರೂ ಇನ್ನೂ ಜಾರಿಗೆ ಬಂದಿಲ್ಲ. ಅಮೆರಿಕ ಸಹಿ ಹಾಕಿತು, ಅದರ ಸೆನೆಟ್ ಒಪ್ಪಲಿಲ್ಲ. 1954ರಲ್ಲಿ ಮೊದಲು ಕೇಳಿದ ಭಾರತ ಇದಕ್ಕೆ ಸಹಿಯನ್ನೇ ಹಾಕಿಲ್ಲ.