ಮೋಟಾರು ಹೊರಡದಿದ್ದಾಗ
ಆಷಾಢದ ಜಡಿಮಳೆಯ ರಾತ್ರಿ ನೆರೆಮನೆಯ ಗರ್ಭಿಣಿಯನ್ನು ಕಳಸದಿಂದ ಮೂಡಿಗೆರೆಗೆ ಒಯ್ಯಬೇಕಾಗಿತ್ತು, ಕಾರು ಹೊರಡಲೊಲ್ಲದು. ಸ್ಟಾರ್ಟರು ಕೆಟ್ಟಿತೆಂದು ಎಲ್ಲರೂ ನಿಶ್ಚಯಿಸಿದರು. ದೋಷವಿದ್ದುದು ಬ್ಯಾಟರಿಯ ತುದಿಗಳಿಗೆ ಹಿಡಿದ ಕಿಲುಬಿನಲ್ಲಿ! ತಿಕ್ಕಿ ಬಿಗಿದೊಡನೆ ಯಂತ್ರವು ಎದ್ದಿತು. ನಿದಾನವಿಲ್ಲದ ಚಿಕಿತ್ಸೆ ವ್ಯರ್ಥವಷ್ಟೆ.

ವಾಚಕರೇ, ಪರೀಕ್ಷಾಕ್ರಮವು ಸುಲಭ. ಗೇರನ್ನು ತಟಸ್ಥದಲ್ಲಿಟ್ಟು, ಕೈಬ್ರೇಕನ್ನು ಬಿಗಿದು, ಮುಂದೀಪಗಳನ್ನು ಹಚ್ಚಿ ಕೀಲಿಯನ್ನು ತಿರುಗಿಸಿರಿ. ದೀಪಗಳು ತೀರ ಮಂಕಾದರೆ ಮೊದಲು ಬ್ಯಾಟರಿಯನ್ನೂ ಅದರ ತುದಿಗಳನ್ನೂ ಶಂಕಿಸಬೇಕು. ಮಂಕಾಗದೆ ‘ಟಕ್’ ಎಂಬ ಸದ್ದು ಮಾತ್ರ ಕೇಳಿದರೆ ಸ್ಟಾರ್ಟರಿನಲ್ಲಿಯೋ ಅದರ ಸೊಲೆನಾಯ್ಡಿನಲ್ಲಿಯೋ ದೋಷವಿರುವುದು ಸಂಭವ. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರುವುದು. ಯಂತ್ರವನ್ನು ತಿರುಗಿಸುವಾಗ 9.6ಕ್ಕಿಂತ ಕೆಳಗಿಳಿಯಬಾರದು.

ಮಳೆಗಾಲಕ್ಕೆ ಮುಂಚೆಯೇ ತುದಿಗಳನ್ನು, ಮೊದಲು ಋಣದ್ದನ್ನು ಬಿಚ್ಚಿ, ಶುಚಿಗೊಳಿಸಿಡಿರಿ. ಘಟ್ಟದ ರಾತ್ರಿಯಲ್ಲಿ ಮೇಸ್ತ್ರಿ ಸಿಕ್ಕುವುದಿಲ್ಲ.