ನಿದ್ರೆಯಿಂದ ಬದುಕುವ ಸೆನ್ಸರುಗಳು

ಕಟ್ಟಿ ಮುಗಿಸಿದ ಮನೆಯ ಗೋಡೆಗಳನ್ನು ಕೊರೆಯದೆ, ಹೊಸ ತಂತಿಯನ್ನು ಎಳೆಯದೆ, ಬಾಗಿಲು ತೆರೆದುದನ್ನೂ ಮಹಡಿಯ ಮೆಟ್ಟಿಲ ಮೇಲೆ ಯಾರೋ ನಡೆದುದನ್ನೂ ಬಚ್ಚಲಿನ ನೆಲದಲ್ಲಿ ನೀರು ಹರಿದುದನ್ನೂ 'ಹಬ್' ಎಂಬ ಕೇಂದ್ರಯಂತ್ರಕ್ಕೆ ಕ್ಷಣಮಾತ್ರದಲ್ಲಿ ಅರುಹಬಲ್ಲ ಬ್ಯಾಟರಿ ಸೆನ್ಸರುಗಳು ಇಂದು ನಮ್ಮ ನಗರಗಳ ಅನೇಕ ಮನೆಗಳನ್ನು ಪ್ರವೇಶಿಸಿವೆ. ಅವುಗಳನ್ನು ಕೊಂಡುತಂದು ಅಂಟಿಸುವುದು ಸುಲಭ. ವರ್ಷಗಟ್ಟಲೆ ನಂಬಿಕೆಗೆ ಅರ್ಹವಾಗಿ ನಡೆಯುವಂತೆ ಅವುಗಳನ್ನು ಅಣಿಗೊಳಿಸುವುದು ವಿವೇಚನೆಯನ್ನು ಬೇಡುವ ಕೆಲಸ. ಏಕೆಂದರೆ ಈ ಸೆನ್ಸರು ತನ್ನ ಜೀವಮಾನದ ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಮಿಗಿಲಾದ ಪಾಲನ್ನು ನಿದ್ರೆಯಲ್ಲಿಯೇ ಕಳೆಯತಕ್ಕುದು. ಆ ನಿದ್ರೆಯ ನಿಯಮವನ್ನು ಅರಿಯದೆ ಮಾಡಿದ ಯಾವ ಏರ್ಪಾಡೂ ಬಹುಕಾಲ ನಿಲ್ಲದು.

ಇಂಥ ಸೆನ್ಸರುಗಳಲ್ಲಿ ಹೆಚ್ಚಾಗಿ ಕಾಣುವ ಸಿಆರ್2032 ಎಂಬ ನಾಣ್ಯಾಕಾರದ ಲಿಥಿಯಂ ಸೆಲ್ಲಿನ ವ್ಯಾಸ 20 ಮಿ.ಮೀ., ದಪ್ಪ 3.2 ಮಿ.ಮೀ.; ಅದು ಕೊಡುವುದು 3 ವೋಲ್ಟು, ಅದರಲ್ಲಿ ಅಡಗಿರುವ ಒಟ್ಟು ಸಂಪತ್ತು ಸುಮಾರು 220 ಮಿಲಿಆಂಪಿಯರ್-ಗಂಟೆ. ವರ್ಷಕ್ಕೆ 8,760 ಗಂಟೆಗಳಾದುದರಿಂದ, ಒಂದೇ ಒಂದು ವರ್ಷ ಬಾಳಬೇಕಾದರೂ ಸೆನ್ಸರು ಸರಾಸರಿ 25 ಮೈಕ್ರೋಆಂಪಿಯರಿಗಿಂತ ಹೆಚ್ಚನ್ನು ವ್ಯಯಿಸುವಂತಿಲ್ಲ. ಮಲಗಿರುವಾಗ ಅದು ಒಂದೆರಡು ಮೈಕ್ರೋಆಂಪಿಯರಿನಲ್ಲಿಯೇ ತೃಪ್ತವಾಗಿರುತ್ತದೆ; ರೇಡಿಯೋ ಎಚ್ಚೆತ್ತಾಗಲಾದರೋ ಅದರ ಹತ್ತು ಸಾವಿರ ಪಟ್ಟು, ಎಂದರೆ 20 ಮಿಲಿಆಂಪಿಯರಿನಷ್ಟನ್ನು ಬೇಡುವುದುಂಟು. ಒಂದು ಸಂದೇಶಕ್ಕಾಗಿ ರೇಡಿಯೋ 20 ಮಿಲಿಸೆಕೆಂಡು ಎಚ್ಚರವಾಗಿರುತ್ತದೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಹತ್ತು ಸೆಕೆಂಡಿಗೊಮ್ಮೆ ಕೋಣೆಯ ಉಷ್ಣತೆಯನ್ನು ವರದಿ ಮಾಡುವ ಸೆನ್ಸರಿನ ಸೆಲ್ಲು ಏಳು ತಿಂಗಳಲ್ಲಿ ಬರಿದಾಗುತ್ತದೆ. ಅದೇ ಸೆನ್ಸರು ಐದು ನಿಮಿಷಕ್ಕೊಮ್ಮೆ ನುಡಿದರೆ ಲೆಕ್ಕದ ಮಟ್ಟಿಗೆ ಏಳು ವರ್ಷ ಬಾಳುತ್ತದೆ. ಸೆಲ್ಲು ತಾನಾಗಿ ಸವೆಯುವುದರಿಂದಲೂ ದುರ್ಬಲ ಸಂಪರ್ಕದಲ್ಲಿ ಒಂದೇ ಸಂದೇಶವನ್ನು ಪುನಃ ಪುನಃ ಕಳಿಸಬೇಕಾಗುವುದರಿಂದಲೂ ಈ ಆಯುಸ್ಸು ಕುಗ್ಗುವುದು ನಿಜ. ಆದರೂ ಎರಡರ ನಡುವಣ ಅಂತರ ಮಾತ್ರ ಉಳಿದೇ ಇರುತ್ತದೆ.

ಆದುದರಿಂದ ಸೆನ್ಸರನ್ನು ಅಣಿಗೊಳಿಸುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಯಾವ ತಿಳಿವಳಿಕೆಗಾಗಿ ಬ್ಯಾಟರಿಯನ್ನು ವೆಚ್ಚಮಾಡುವುದು ಉಚಿತವೆಂಬುದು. ಜಿಗ್‌ಬೀ ಎಂಬ ರೇಡಿಯೋ ಪದ್ಧತಿಯ ಸೆನ್ಸರುಗಳಲ್ಲಿ ಇದನ್ನು ಮೂರು ಸಂಖ್ಯೆಗಳು ನಿರ್ಣಯಿಸುತ್ತವೆ: ಎರಡು ವರದಿಗಳ ನಡುವೆ ಇರಬೇಕಾದ ಕನಿಷ್ಠ ಅಂತರ, ಮೀರಬಾರದ ಗರಿಷ್ಠ ಅಂತರ, ಮತ್ತು ವರದಿಗೆ ಅರ್ಹವಾಗುವಷ್ಟು ಬದಲಾವಣೆಯ ಪ್ರಮಾಣ. ಉಷ್ಣತೆ ಅರ್ಧ ಡಿಗ್ರಿ ಬದಲಾಗುವವರೆಗೆ ಸುಮ್ಮನಿರು, ಬದಲಾದರೂ ನಿಮಿಷಕ್ಕೊಮ್ಮೆಗಿಂತ ಹೆಚ್ಚು ನುಡಿಯಬೇಡ, ಏನೂ ಬದಲಾಗದಿದ್ದರೂ ಗಂಟೆಗೊಮ್ಮೆ ಬದುಕಿರುವೆನೆಂದು ತಿಳಿಸು ಎಂಬ ಆಜ್ಞೆ ವಾಸದ ಕೋಣೆಗೆ ಧಾರಾಳವಾಗಿ ಸಾಕೆಂಬುದು ನನ್ನ ಮತ. ಅದರಲ್ಲಿಯೂ ಆ ಮೂರನೆಯ ಮಾತನ್ನು ಕೈಬಿಡಲಾಗದು. ಅದಿಲ್ಲದೆ ಹೋದರೆ ಸೆನ್ಸರಿನ ಮೌನ ಶಾಂತಿಯ ಮೌನವೋ ಮರಣದ ಮೌನವೋ ಹಬ್‌ಗೆ ತಿಳಿಯುವ ದಾರಿಯೇ ಇಲ್ಲ. ಚಲನೆಯನ್ನು ಗ್ರಹಿಸುವ ಸೆನ್ಸರಿನಲ್ಲಿ ಮತ್ತೊಂದು ವಿಷಯವನ್ನು ನೆನಪಿಡಬೇಕು. ದೇಹದ ಶಾಖದ ಕಿರಣಗಳನ್ನು ಅರಿತು ಒಮ್ಮೆ ಸುದ್ದಿ ಕೊಟ್ಟ ಮೇಲೆ ಅದು ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳವರೆಗೆ, ಬ್ಯಾಟರಿಯ ರಕ್ಷಣೆಗಾಗಿಯೇ, ಕುರುಡಾಗಿರುತ್ತದೆ. ದೀಪವನ್ನು ಆರಿಸುವ ಸಮಯವನ್ನು ಆ ಅವಧಿಗಿಂತ ಕಡಿಮೆ ಇಟ್ಟರೆ ಮೆಟ್ಟಿಲು ಹತ್ತುತ್ತಿರುವ ವೃದ್ಧರು ನಡುವೆಯೇ ಕತ್ತಲೆಯಲ್ಲಿ ಸಿಲುಕುವ ಅಪಾಯವುಂಟು.

1999ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಜೆನ್ಸಿಸ್ ಎಂಬ ಸಂಸ್ಥೆ ರೂಪಿಸಿದ ಜೀ-ವೇವ್ ಪದ್ಧತಿಯಲ್ಲಿ ನಿದ್ರೆಯ ಶಿಸ್ತು ಇನ್ನೂ ಸ್ಫುಟವಾಗಿದೆ. ಮಲಗಿರುವ ಸೆನ್ಸರಿನ ರೇಡಿಯೋ ಏನನ್ನೂ ಕೇಳಿಸಿಕೊಳ್ಳದು. ಆದಕಾರಣ ನಾವು ಬದಲಿಸಿದ ಪ್ರತಿಯೊಂದು ಸೆಟ್ಟಿಂಗೂ, ಪರಸ್ಥಳಕ್ಕೆ ಹೋದವರ ಹೆಸರಿಗೆ ಬಂದ ಕಾಗದ ಅಂಚೆಯ ಕಚೇರಿಯಲ್ಲಿ ಕಾದಿರುವಂತೆ, ಹಬ್‌ನಲ್ಲಿಯೇ ಕಾದಿರುತ್ತದೆ. ಗೊತ್ತುಪಡಿಸಿದ ಹೊತ್ತಿಗೆ ಸೆನ್ಸರು ಎಚ್ಚೆತ್ತು 'ಎದ್ದಿದ್ದೇನೆ' ಎಂದು ತಿಳಿಸಿದಾಗ ಹಬ್ ಅವೆಲ್ಲವನ್ನೂ ಒಪ್ಪಿಸಿ, ಇನ್ನೇನೂ ಇಲ್ಲವೆಂದು ಹೇಳಿ ಅದನ್ನು ಮಲಗಗೊಡುತ್ತದೆ. ಒಂದು ಎಚ್ಚರದಿಂದ ಇನ್ನೊಂದಕ್ಕಿರುವ ಈ 'ಎಚ್ಚರದ ಅವಧಿ' ಕೆಲವು ಸೆನ್ಸರುಗಳಲ್ಲಿ ಇಡೀ ಒಂದು ದಿನದಷ್ಟಿರುವುದರಿಂದ, ಇಂದು ಬೆಳಗ್ಗೆ ಬದಲಿಸಿದ ಸಂಖ್ಯೆ ನಾಳೆ ಬೆಳಗ್ಗೆಯವರೆಗೆ ಜಾರಿಗೆ ಬಾರದಿದ್ದರೆ ಯಂತ್ರ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಅವಸರವಿದ್ದವರು ಸೆನ್ಸರಿನ ಗುಂಡಿಯನ್ನು ಒತ್ತಿ ಅದನ್ನು ಎಬ್ಬಿಸಬಹುದು. ಜಿಗ್‌ಬೀಯಲ್ಲಿ ಈ ಕಾಯುವಿಕೆ ತೀರ ಅಲ್ಪ: ಮಲಗಿರುವ ಸೆನ್ಸರಿಗಾಗಿ ಅದರ ಸಮೀಪದ ಯಂತ್ರ ಸಂದೇಶವನ್ನು ಸಾಮಾನ್ಯವಾಗಿ 7.68 ಸೆಕೆಂಡು ಮಾತ್ರ ಇಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಸೆನ್ಸರು ಬಂದು ವಿಚಾರಿಸದಿದ್ದರೆ ಸಂದೇಶ ನಷ್ಟವಾಗುತ್ತದೆ. ಆದುದರಿಂದ ಮೊಬೈಲಿನಲ್ಲಿ ಸೆಟ್ಟಿಂಗನ್ನು ಕಳಿಸುವ ಹೊತ್ತಿಗೇ ಇನ್ನೊಂದು ಕೈಯಿಂದ ಸೆನ್ಸರಿನ ಗುಂಡಿಯನ್ನು ಒತ್ತುವ ರೂಢಿ ಅನುಭವಿಗಳಲ್ಲಿದೆ.

ಇಲ್ಲಿ ಅನೇಕರನ್ನು ದಾರಿತಪ್ಪಿಸುವ ಒಂದು ಭ್ರಮೆಯನ್ನು ನಿವಾರಿಸುವುದು ಅವಶ್ಯಕ. ಎಚ್ಚರದ ಅವಧಿಯನ್ನು ಕುಗ್ಗಿಸಿದರೆ ಬಾಗಿಲಿನ ಸುದ್ದಿ ಬೇಗ ಬಂದೀತೆಂದು ನಂಬಿ ಅದನ್ನು ಒಂದು ದಿನದಿಂದ ಐದು ನಿಮಿಷಕ್ಕೆ ಇಳಿಸುವವರುಂಟು. ಬಾಗಿಲು ತೆರೆದೊಡನೆ ಅಯಸ್ಕಾಂತ ದೂರ ಸರಿದು, ಒಳಗಿರುವ ರೀಡ್ ಸ್ವಿಚ್ಚು ಚಲಿಸಿ, ಸೆನ್ಸರು ಆ ಕ್ಷಣವೇ ತಾನಾಗಿ ಎದ್ದು ಸುದ್ದಿಯನ್ನು ಕಳಿಸಿಬಿಡುತ್ತದೆ; ಎಚ್ಚರದ ಅವಧಿಗೂ ಆ ಸುದ್ದಿಗೂ ಯಾವ ಸಂಬಂಧವೂ ಇಲ್ಲ. ಅವಧಿಯನ್ನು ಇಳಿಸಿದವರಿಗೆ ದೊರೆಯುವ ಫಲವೆಂದರೆ ಬೇಗ ಬರಿದಾದ ಸೆಲ್ಲು. ಹೊಸ ಸೆನ್ಸರನ್ನು ಜಾಲಕ್ಕೆ ಸೇರಿಸುವಾಗ ಮಾತ್ರ ಅದು ಮಲಗದಂತೆ ನೋಡಿಕೊಳ್ಳಬೇಕು: ಹಬ್ ಅದರ ಗುಣಲಕ್ಷಣಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿ ಬರೆದುಕೊಳ್ಳುವವರೆಗೆ ಆಗಾಗ ಗುಂಡಿಯನ್ನು ಒತ್ತುತ್ತಿರಬೇಕು. ಆ ವಿಚಾರಣೆ ಅರ್ಧಕ್ಕೆ ನಿಂತ ಸೆನ್ಸರು ಪಟ್ಟಿಯಲ್ಲಿ ಕಾಣಿಸಿಕೊಂಡರೂ ಬ್ಯಾಟರಿಯ ಸ್ಥಿತಿಯನ್ನಾಗಲಿ ಬಾಗಿಲಿನ ಸುದ್ದಿಯನ್ನಾಗಲಿ ಸರಿಯಾಗಿ ತಿಳಿಸಲಾರದು.

ನಮ್ಮ ಮನೆಗಳ ಸ್ವಭಾವಕ್ಕೆ ಸಂಬಂಧಿಸಿದ ಮಾತೊಂದುಂಟು. ಬ್ಯಾಟರಿ ಸೆನ್ಸರು ಬೇರೆಯವರ ಸಂದೇಶವನ್ನು ಮುಂದಕ್ಕೆ ಸಾಗಿಸುವುದಿಲ್ಲ. ಆ ಭಾರವನ್ನು ಹೊರುವವು ಕರೆಂಟಿನಿಂದ ನಡೆಯುವ ಪ್ಲಗ್ಗುಗಳು, ಸ್ವಿಚ್ಚುಗಳು, ಬಲ್ಬುಗಳು. ಪ್ರತಿಯೊಂದು ಸಾಕೆಟ್ಟಿನ ಪಕ್ಕದಲ್ಲಿಯೂ ಒಂದು ಸ್ವಿಚ್ಚು ಇರುವ, ಕೋಣೆಯಿಂದ ಹೊರಬರುವಾಗ ಅದನ್ನು ಆರಿಸುವುದನ್ನು ಚಿಕ್ಕಂದಿನಿಂದಲೇ ಕಲಿತ ನಮ್ಮಲ್ಲಿ ಈ ವಾಹಕಗಳು ದಿನಕ್ಕೆ ಹಲವು ಸಲ ಮಾಯವಾಗುತ್ತವೆ. ಕರೆಂಟು ಹೋದಾಗಲಂತೂ, ಯುಪಿಎಸ್ಸಿನ ಆಶ್ರಯದಲ್ಲಿ ಹಬ್ ಎಚ್ಚರವಾಗಿದ್ದರೂ, ನಡುವಣ ಸೇತುವೆ ಕಡಿದು, ಮೂಲೆಯ ಸೆನ್ಸರುಗಳು ಹೊಸ ದಾರಿಯನ್ನು ಅರಸುವುದರಲ್ಲಿಯೇ ತಮ್ಮ ಅಲ್ಪ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಹಬ್‌ನೊಂದಿಗೆ ದಾರಿಯ ಒಂದೆರಡು ಪ್ಲಗ್ಗುಗಳನ್ನೂ ಯುಪಿಎಸ್ ಲೈನಿಗೆ ಸೇರಿಸಿ, ಅವುಗಳ ಸ್ವಿಚ್ಚನ್ನು ಯಾರೂ ಆರಿಸದಂತೆ ಮನೆಯವರಿಗೆಲ್ಲ ತಿಳಿಸಿಡುವುದು ಹೊಸ ಸೆನ್ಸರುಗಳನ್ನು ಕೊಳ್ಳುವುದಕ್ಕಿಂತ ಹೆಚ್ಚು ಉಪಕಾರಿ.

ಬೆಂಗಳೂರು, ಮೈಸೂರುಗಳಲ್ಲಿ ಒಂಟಿಯಾಗಿರುವ ತಂದೆತಾಯಿಗಳ ಯೋಗಕ್ಷೇಮಕ್ಕಾಗಿ ಅಮೆರಿಕದಿಂದ ಮಕ್ಕಳು ತರುವ ಸೆನ್ಸರುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಜೀ-ವೇವ್ ಅಲ್ಲಿ 908.42 ಮೆಗಾಹರ್ಟ್ಸ್‌ನಲ್ಲಿಯೂ ಭಾರತದಲ್ಲಿ 865.2ರಲ್ಲಿಯೂ ನುಡಿಯುತ್ತದೆ, ಅಲ್ಲಿಯ ಸೆನ್ಸರಿಗೂ ಇಲ್ಲಿಯ ಹಬ್‌ಗೂ ಸಂಭಾಷಣೆ ಸಾಧ್ಯವಿಲ್ಲ, ಮೇಲಾಗಿ 908 ನಮ್ಮಲ್ಲಿ ಮೊಬೈಲು ಫೋನುಗಳಿಗೆ ಮೀಸಲಾದ ಪಟ್ಟಿಯೊಳಗೆ ಬೀಳುತ್ತದೆ. ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್ ಲೋಕಕ್ಕೆಲ್ಲ ಒಂದೇ ಆದುದರಿಂದ ಈ ತೊಡಕು ಅದಕ್ಕಿಲ್ಲ. ವೈಫೈಯೂ ಅದೇ ಪಟ್ಟಿಯಲ್ಲಿರುವುದರಿಂದ ಚಾನೆಲನ್ನು ಆರಿಸುವಾಗ ಮಾತ್ರ ಜಾಗರೂಕತೆ ಬೇಕು.

ಮೊಬೈಲಿನಲ್ಲಿ ಕಾಣುವ ಬ್ಯಾಟರಿಯ ಶೇಕಡಾ ಲೆಕ್ಕವನ್ನು ಬಹಳವಾಗಿ ನಂಬಲಾಗದು. ಲಿಥಿಯಂ ಸೆಲ್ಲು ಕೊನೆಯ ಘಟ್ಟದವರೆಗೂ ತನ್ನ ವೋಲ್ಟೇಜನ್ನು ಹೆಚ್ಚು ಕಡಿಮೆ ಸಮನಾಗಿ ಕಾಪಾಡಿಕೊಂಡು, ಅನಂತರ ಥಟ್ಟನೆ ಕುಸಿಯುತ್ತದೆ. ಸೆಲ್ಲು ಹಾಕಿದ ದಿನಾಂಕವನ್ನು ಸೆನ್ಸರಿನ ಬೆನ್ನಿಗೆ ಬರೆದಿಡುವುದೂ ಸೆನ್ಸರು ಕೊನೆಯ ಸಲ ನುಡಿದ ಹೊತ್ತನ್ನು ಗಮನಿಸುವುದೂ ಅದಕ್ಕಿಂತ ಭದ್ರವಾದ ಕ್ರಮ. ತೆಗೆದ ಸೆಲ್ಲನ್ನು ಮಾತ್ರ ಮೇಜಿನ ಮೇಲೆ ಬಿಡಲೇಬಾರದು: ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗಿನ ಅಂಗಾಂಶವನ್ನು ಸುಟ್ಟುಬಿಡಬಲ್ಲುದು, ನಮ್ಮ ಬಳಕೆಗೆ ಸತ್ತ ಸೆಲ್ಲಿನಲ್ಲಿಯೂ ಆ ಶಕ್ತಿ ಉಳಿದಿರುತ್ತದೆ. ಅಂಥ ಸಂದೇಹ ಬಂದ ಕೂಡಲೆ ಆಸ್ಪತ್ರೆಗೆ ಧಾವಿಸತಕ್ಕುದು.

ಅಡುಗೆಮನೆಯ ಗ್ಯಾಸ್ ಸೋರಿಕೆಯ ಕಾವಲನ್ನು ಈ ಪುಟ್ಟ ಸೆಲ್ಲುಗಳಿಗೆ ಒಪ್ಪಿಸುವಂತಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಗ್ಯಾಸ್ ಸೆನ್ಸರಿನ ಒಳಗಣ ಲೋಹದ ಆಕ್ಸೈಡು ಸದಾ ಬಿಸಿಯಾಗಿರಬೇಕು, ಆ ಶಾಖವನ್ನು ನಾಣ್ಯದಷ್ಟಿರುವ ಸೆಲ್ಲು ಒಂದು ದಿನವೂ ಪೂರೈಸಲಾರದು. ಅದಕ್ಕೆ ಗೋಡೆಯ ಕರೆಂಟೇ ಬೇಕು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರವಾಗಿ ಕೆಳಗೆ ಹರಡುವುದರಿಂದ ಆ ಸೆನ್ಸರನ್ನು ನೆಲದ ಸಮೀಪದಲ್ಲಿಯೇ ಇಡತಕ್ಕುದು. ಸದಾ ಎಚ್ಚರವಾಗಿರುವ ಇಂಥ ಯಂತ್ರ ಸಂದೇಶವಾಹಕವೂ ಆಗಿರುವ ಮಾದರಿಯದಾದರೆ, ಹಿತ್ತಲ ಬಾಗಿಲಿನ ಮತ್ತು ಬಚ್ಚಲಿನ ಸೆನ್ಸರುಗಳ ಸುದ್ದಿಯನ್ನು ಹಬ್‌ಗೆ ಮುಟ್ಟಿಸುವ ಕೆಲಸವನ್ನೂ ಅದಕ್ಕೇ ವಹಿಸಬಹುದು.